‘ತಿಮಿಂಗಿಲಗಳ ಕೊಲ್ಲಿ’ಯ ನಾಮಕರಣ ಮತ್ತು ನಕ್ಷಾಚರಿತ್ರೆ

ಶಾಸನದಲ್ಲಿ ಬಂದಿರುವ ಒಂದು ಊರಿನ ಹೆಸರನ್ನು ಇಂದಿನ ಯಾವ ಊರಿಗೆ ಹೊಂದಿಸಬೇಕೆಂಬುದು ನಮ್ಮ ನಾಡಿನ ಚರಿತ್ರೆಯ ವಿದ್ಯಾರ್ಥಿಗೆ ಪದೇ ಪದೇ ಎದುರಾಗುವ ಪ್ರಶ್ನೆ. ಟಾಲೆಮಿಯ ಭೂಗೋಳಗ್ರಂಥದಲ್ಲಿ ಗ್ರೀಕ್ ಉಚ್ಚಾರಣೆಗೆ ಒಗ್ಗಿಕೊಂಡು ಬಂದಿರುವ ಬನವಾಸಿಯೂ, ಕದಂಬರ ಶಾಸನಗಳ ವೈಜಯಂತಿಯೂ, ಇಂದಿನ ಬನವಾಸಿಯೂ ಒಂದೇ ಎಂದು ನಾವು ನಿರ್ಧರಿಸುವಾಗ, ಬಾಯಿಬಿಟ್ಟು ಹೇಳದ ಒಂದು ಊಹೆಯನ್ನು ಆಧಾರವಾಗಿ ಇಟ್ಟುಕೊಂಡಿರುತ್ತೇವೆ. ಹೆಸರು ಸವೆಯಬಹುದು, ಬೇರೊಂದು ಹೆಸರು ಅದರ ಸ್ಥಾನಕ್ಕೆ ಬರಬಹುದು. ಆದರೆ ನೆಲವು ಇದ್ದಲ್ಲಿಯೇ ಇರುತ್ತದೆ ಎಂಬುದೇ ಆ ಊಹೆ. ಈ ಊಹೆಯು ಸಲ್ಲದಂತಹ ಒಂದು ಸ್ಥಳದ ಚರಿತ್ರೆಯನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಉದ್ದೇಶಿಸಿದೆ. ಅಂಟಾರ್ಕ್ಟಿಕ ಖಂಡದ ರಾಸ್ ಸಮುದ್ರದ ದಕ್ಷಿಣದ ಅಂಚಿನಲ್ಲಿ, ೭೮ ಡಿಗ್ರಿ ೩೦ ಮಿನಿಟು ದಕ್ಷಿಣ ಅಕ್ಷಾಂಶ, ೧೬೪ ಡಿಗ್ರಿ ೨೦ ಮಿನಿಟು ಪಶ್ಚಿಮ ರೇಖಾಂಶದ ಬಳಿ, ‘ತಿಮಿಂಗಿಲಗಳ ಕೊಲ್ಲಿ’ ಎಂಬ ಹೆಸರು ೧೯೦೮ರಿಂದ ಭೂಪಟಗಳಲ್ಲಿ ನಿಂತಿದೆ. ಆ ಹೆಸರನ್ನು ಪಡೆದ ಕೊಲ್ಲಿಯು ಈಗ ಅಲ್ಲಿಲ್ಲ. ಅಷ್ಟೇ ಅಲ್ಲ, ಅದು ಇದ್ದ ಕಾಲದಲ್ಲಿಯೂ ಅದನ್ನು ಬರೆದುಕೊಂಡು ಹೋದ ನಾವಿಕರಲ್ಲಿ ಯಾವ ಇಬ್ಬರ ನಕ್ಷೆಗಳೂ ಒಂದರಂತೆ ಮತ್ತೊಂದು ಇರಲಿಲ್ಲ.

ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಮೊದಲು ಆ ತೀರದ ಸ್ವರೂಪವನ್ನು ಗಮನಿಸಬೇಕು. ಅದು ಕಲ್ಲುಮಣ್ಣಿನ ತೀರವಲ್ಲ. ಖಂಡದ ಒಳಭಾಗದಿಂದ ಇಳಿದು ಬರುವ ಹಿಮನದಿಗಳು ಕೂಡಿಕೊಂಡು, ಸಮುದ್ರದ ಮೇಲೆ ತೇಲುವ ಒಂದು ವಿಸ್ತಾರವಾದ ಮಂಜುಗಡ್ಡೆಯ ಹಾಸಾಗಿ ಅಲ್ಲಿ ಹರಡಿಕೊಂಡಿವೆ. ಈ ಹಾಸಿನ ವಿಸ್ತೀರ್ಣವು ಸುಮಾರು ೪,೮೭,೦೦೦ ಚದರ ಕಿಲೋಮೀಟರು, ಅಂದರೆ ನಮ್ಮ ಕರ್ನಾಟಕ ರಾಜ್ಯದ ಎರಡೂವರೆ ಪಾಲು. ಅದರ ಸಮುದ್ರಮುಖವು ನೀರಿನಿಂದ ಹದಿನೈದರಿಂದ ಐವತ್ತು ಮೀಟರುಗಳಷ್ಟು ಎತ್ತರಕ್ಕೆ ಗೋಡೆಯಂತೆ ಎದ್ದು ನಿಂತಿದೆ; ನೀರಿನೊಳಗೆ ಇರುವ ಭಾಗ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಇಡೀ ಹಾಸು ನಿರಂತರವಾಗಿ ಉತ್ತರಕ್ಕೆ ಸರಿಯುತ್ತಿರುತ್ತದೆ. ಮಧ್ಯಭಾಗದ ಅಂಚಿನಲ್ಲಿ ಈ ಚಲನೆ ವರ್ಷಕ್ಕೆ ಸುಮಾರು ಒಂದು ಕಿಲೋಮೀಟರಿನಷ್ಟಿದೆ. ಹೀಗೆ ಮುಂದಕ್ಕೆ ಬಂದ ಅಂಚು ಆಗಾಗ ಒಡೆದು, ತೇಲುವ ಹಿಮದ ಗುಡ್ಡಗಳಾಗಿ ಸಮುದ್ರಕ್ಕೆ ಹೋಗುತ್ತದೆ. ಇಂತಹ ತೀರವನ್ನು ನಕ್ಷೆಯಲ್ಲಿ ಬರೆಯುವವನು ಒಂದು ದಿನದ ಸ್ಥಿತಿಯನ್ನು ಮಾತ್ರ ಬರೆಯಬಲ್ಲನು.

ಈ ಗೋಡೆಯನ್ನು ಮೊದಲು ಕಂಡವನು ಬ್ರಿಟಿಷ್ ನೌಕಾಧಿಕಾರಿಯಾದ ಜೇಮ್ಸ್ ಕ್ಲಾರ್ಕ್ ರಾಸ್. ‘ಎರೆಬಸ್’ ಮತ್ತು ‘ಟೆರರ್’ ಎಂಬ ಎರಡು ಹಾಯಿಹಡಗುಗಳೊಡನೆ ದಕ್ಷಿಣಕ್ಕೆ ಬಂದ ಆತನು ೧೮೪೧ರ ಜನವರಿಯ ಕೊನೆಯಲ್ಲಿ ಇದನ್ನು ಕಂಡು, ತನ್ನ ಮುನ್ನಡೆಗೆ ಅಡ್ಡಿಯಾದುದರಿಂದ ಇದನ್ನು ‘ತಡೆ’ ಎಂಬರ್ಥದ ‘ಬ್ಯಾರಿಯರ್’ ಎಂದು ಕರೆದನು. ರಾಣಿ ವಿಕ್ಟೋರಿಯಳ ಹೆಸರನ್ನು ಅದಕ್ಕೆ ಜೋಡಿಸಿದುದು ಆ ಕಾಲದ ನಾವಿಕರ ಪದ್ಧತಿಗೆ ಅನುಗುಣವಾಗಿಯೇ ಇದೆ. ಮರುವರ್ಷ, ೧೮೪೨ರ ಫೆಬ್ರವರಿಯಲ್ಲಿ, ಆತನು ಮತ್ತಷ್ಟು ಪೂರ್ವಕ್ಕೆ ಸಾಗಿ ಸುಮಾರು ೭೮ ಡಿಗ್ರಿ ೧೦ ಮಿನಿಟು ಅಕ್ಷಾಂಶವನ್ನು ಮುಟ್ಟಿದನು. ಮುಂದೆ ತಿಮಿಂಗಿಲಗಳ ಕೊಲ್ಲಿಯೆಂದು ಹೆಸರಾದ ಭಾಗದ ಸುತ್ತಮುತ್ತ ಗೋಡೆಯು ತಗ್ಗಾಗಿ ಒಳಕ್ಕೆ ಸರಿದಿರುವ ಸೂಚನೆ ಆತನ ವರದಿಯಲ್ಲಿ ಇದೆಯಾದರೂ ಅದಕ್ಕೆ ಆತನು ಹೆಸರಿಡಲಿಲ್ಲ. ಉಗಿಯಂತ್ರವಿಲ್ಲದ ಹಡಗುಗಳು ಗೋಡೆಯ ಸಮೀಪಕ್ಕೆ ಹೋಗಲು ಅಂಜುತ್ತಿದ್ದವು. ದೂರದಿಂದ ನೋಡುವವನಿಗೆ ಹಿಮ ತುಂಬಿದ ಒಂದು ಒಳಚಾಚು ಗೋಡೆಯ ಮುಂದುವರಿಕೆಯಂತೆಯೇ ಕಾಣಬಹುದು. ಆದುದರಿಂದ ರಾಸನ ನಕ್ಷೆಯಲ್ಲಿ ಈ ಭಾಗವು ಬಹುಮಟ್ಟಿಗೆ ಒಂದು ಗೆರೆಯಷ್ಟೇ.

ಆ ಗೆರೆಯ ಮಹತ್ತ್ವ ತಿಳಿದುಬಂದುದು ಸುಮಾರು ಅರವತ್ತು ವರ್ಷಗಳ ತರುವಾಯ. ನಾರ್ವೆ ದೇಶದಲ್ಲಿ ಹುಟ್ಟಿ ಬ್ರಿಟಿಷ್ ಯಾತ್ರೆಯೊಂದರ ನಾಯಕನಾಗಿದ್ದ ಕಾರ್ಸ್ಟೆನ್ ಬೋರ್ಖ್‌ಗ್ರೆವಿಂಕನು ೧೯೦೦ರ ಫೆಬ್ರವರಿಯಲ್ಲಿ ‘ಸದರ್ನ್ ಕ್ರಾಸ್’ ಹಡಗಿನಲ್ಲಿ ಇಲ್ಲಿಗೆ ಬಂದು, ಗೋಡೆಯಲ್ಲಿ ಒಂದು ಕಿರಿದಾದ ಒಳಚಾಚನ್ನು ಕಂಡು, ಅದರ ಮೂಲಕ ಮಂಜುಗಡ್ಡೆಯ ಮೇಲಕ್ಕೆ ಹತ್ತಿದನು. ವಿಲಿಯಂ ಕೋಲ್‌ಬೆಕ್ ಮತ್ತು ಪೆರ್ ಸಾವಿಯೊ ಎಂಬ ಇಬ್ಬರೊಡನೆ ನಾಯಿಗಳು ಎಳೆಯುವ ಜಾರುಬಂಡಿಯಲ್ಲಿ ೭೮ ಡಿಗ್ರಿ ೫೦ ಮಿನಿಟಿನವರೆಗೆ ಹೋಗಿ ಬಂದನು. ಗೋಡೆಯ ಅಂಚು ರಾಸನ ಕಾಲದಲ್ಲಿ ಇದ್ದುದಕ್ಕಿಂತ ಸುಮಾರು ಮೂವತ್ತು ಮೈಲಿಗಳಷ್ಟು ದಕ್ಷಿಣಕ್ಕೆ ಸರಿದಿತ್ತೆಂಬುದು ಆತನ ಯಾತ್ರೆಯಿಂದ ತಿಳಿದುಬಂದ ಮುಖ್ಯ ಸಂಗತಿ. ರಾಸನ ಹಡಗು ತೇಲಲಾರದಿದ್ದ ಕಡೆ ಬೋರ್ಖ್‌ಗ್ರೆವಿಂಕನ ಹಡಗು ತೇಲಿತು. ಇದನ್ನು ರಾಸನ ಅಳತೆಯ ದೋಷವೆಂದು ತಳ್ಳಿಹಾಕುವುದು ಸುಲಭವಾಗಿತ್ತು. ಆದರೆ ರಾಸನು ಅಳತೆಯಲ್ಲಿ ಅಂತಹ ತಪ್ಪು ಮಾಡುವವನಲ್ಲವೆಂದು ನೌಕಾವಲಯದಲ್ಲಿ ಎಲ್ಲರೂ ಬಲ್ಲವರಾಗಿದ್ದರು. ಇಬ್ಬರೂ ತಮ್ಮ ತಮ್ಮ ವರ್ಷಕ್ಕೆ ಸರಿಯಾಗಿಯೇ ಬರೆದಿದ್ದರು.

ಎರಡು ವರ್ಷಗಳ ಬಳಿಕ ರಾಬರ್ಟ್ ಫಾಲ್ಕನ್ ಸ್ಕಾಟನು ‘ಡಿಸ್ಕವರಿ’ ಹಡಗಿನಲ್ಲಿ ಬಂದನು. ೧೯೦೨ರ ಫೆಬ್ರವರಿ ೪ರಂದು ಇಲ್ಲಿನ ಒಂದು ಒಳಚಾಚಿನಲ್ಲಿ ಹಡಗನ್ನು ಕಟ್ಟಿ, ಹಗ್ಗದಿಂದ ಬಿಗಿದ ಬೆಲೂನಿನಲ್ಲಿ ತಾನೇ ಮೊದಲು ಮೇಲೇರಿದನು; ಎರಡನೆಯ ಬಾರಿ ಏರಿದವನು, ಛಾಯಾಗ್ರಹಣದ ಯಂತ್ರವನ್ನು ಹಿಡಿದ ಅರ್ನೆಸ್ಟ್ ಶ್ಯಾಕಲ್ಟನ್. ಸ್ಥಳಕ್ಕೆ ‘ಬೆಲೂನ್ ಬೈಟ್’ ಎಂದು, ಅಂದರೆ ಬೆಲೂನಿನ ಒಳಚಾಚು ಎಂದು, ಹೆಸರಾಯಿತು. ಬೆಲೂನಿನಿಂದ ಕಂಡುದು ಅಲೆಅಲೆಯಾಗಿ ದಕ್ಷಿಣಕ್ಕೆ ಹಬ್ಬಿದ ಬಿಳಿಯ ಬಯಲು. ಇದರಿಂದ ನಕ್ಷೆಗೆ ಆದ ಲಾಭ ಹೆಚ್ಚೇನೂ ಅಲ್ಲವೆಂದು ಒಪ್ಪಬೇಕು. ಹೀಗೆ ೧೯೦೨ರ ಹೊತ್ತಿಗೆ ಒಂದಕ್ಕೊಂದು ಸಮೀಪವಾಗಿ ಎರಡು ಒಳಚಾಚುಗಳು, ಎರಡು ಹೆಸರುಗಳು, ನೌಕಾಪಟದಲ್ಲಿ ಕುಳಿತವು.

ಆ ಎರಡೂ ಹೆಸರುಗಳು ಆರು ವರ್ಷಗಳಲ್ಲಿ ಹಳತಾದವು. ೧೯೦೮ರ ಜನವರಿಯಲ್ಲಿ ತನ್ನದೇ ಆದ ಯಾತ್ರೆಯ ನಾಯಕನಾಗಿ ‘ನಿಮ್‌ರಾಡ್’ ಹಡಗಿನಲ್ಲಿ ಬಂದ ಶ್ಯಾಕಲ್ಟನ್ನನಿಗೆ ಬೆಲೂನ್ ಬೈಟ್ ಕಾಣಸಿಗಲಿಲ್ಲ. ಅದರ ಸ್ಥಳದಲ್ಲಿ ವಿಶಾಲವಾದ ಒಂದು ಕೊಲ್ಲಿ ತೆರೆದುಕೊಂಡಿತ್ತು. ಗೋಡೆಯ ಬಹುದೊಡ್ಡ ಭಾಗವು ಒಡೆದುಹೋಗಿ, ಬೋರ್ಖ್‌ಗ್ರೆವಿಂಕನ ಒಳಚಾಚೂ ಸ್ಕಾಟನ ಒಳಚಾಚೂ ಒಂದಾಗಿವೆಯೆಂದು ಆತನು ತೀರ್ಮಾನಿಸಿದನು. ಕೊಲ್ಲಿಯ ತುಂಬ ತಿಮಿಂಗಿಲಗಳು ಈಜಾಡುತ್ತಿದ್ದುದರಿಂದ ಅದನ್ನು ‘ತಿಮಿಂಗಿಲಗಳ ಕೊಲ್ಲಿ’ ಎಂದು ಕರೆದನು. ನಾರ್ವೆಯವರು ಇದನ್ನೇ ತಮ್ಮ ಭಾಷೆಗೆ ತಿರುಗಿಸಿಕೊಂಡು ‘ಹ್ವಾಲ್‌ಬುಕ್ತೆನ್’ ಎಂದರು. ರಾಜರಾಣಿಯರ, ಮಂತ್ರಿಗಳ, ಹಣಕೊಟ್ಟ ವರ್ತಕರ ಹೆಸರುಗಳಿಂದಲೇ ತುಂಬಿರುವ ಅಂಟಾರ್ಕ್ಟಿಕದ ಭೂಪಟದಲ್ಲಿ, ನೋಡಿದವನು ನೋಡಿದುದನ್ನೇ ಹೆಸರಾಗಿ ಇಟ್ಟಿರುವುದು ಓದುಗರಿಗೆ ಒಂದಿಷ್ಟು ಸಮಾಧಾನವನ್ನು ಕೊಡುತ್ತದೆ. ಮೂಲನಿವಾಸಿಗಳೇ ಇಲ್ಲದ ಆ ಖಂಡದಲ್ಲಿ ಬಂದವನು ಇಟ್ಟ ಹೆಸರಿಗಿಂತ ಹಿಂದಿನದು ಎಂಬುದೇ ಇಲ್ಲ.

ಹೆಸರನ್ನಿಟ್ಟವನು ಅಲ್ಲಿ ಇಳಿಯಲಿಲ್ಲವೆಂಬುದು ಗಮನಾರ್ಹ. ಮ್ಯಾಕ್‌ಮರ್ಡೊ ಜಲಸಂಧಿಯ ತನ್ನ ಹಳೆಯ ನೆಲೆಯನ್ನು ಬಳಸಕೂಡದೆಂದು ಸ್ಕಾಟನು ೧೯೦೭ರಲ್ಲಿ ಶ್ಯಾಕಲ್ಟನ್ನನಿಂದ ಮಾತು ತೆಗೆದುಕೊಂಡಿದ್ದನು. ಆ ಮಾತಿಗೆ ಕಟ್ಟುಬಿದ್ದೇ ಶ್ಯಾಕಲ್ಟನ್ನನು ಬ್ಯಾರಿಯರಿನ ಒಳಚಾಚಿನಲ್ಲಿ ಚಳಿಗಾಲವನ್ನು ಕಳೆಯಲು ಯೋಜಿಸಿದ್ದನು. ಆದರೆ ಎರಡು ನಕ್ಷೆಗಳಲ್ಲಿ ಇದ್ದ ಒಳಚಾಚುಗಳು ಕಣ್ಮುಂದೆ ಇಲ್ಲವಾಗಿರುವುದನ್ನು ಕಂಡ ಮೇಲೆ, ಇಂದು ಮನೆ ಕಟ್ಟಿದ ಮಂಜುಗಡ್ಡೆ ನಾಳೆ ಮನೆಯ ಸಹಿತ ಸಮುದ್ರಕ್ಕೆ ತೇಲಿಹೋಗದು ಎಂಬುದಕ್ಕೆ ಏನು ಭರವಸೆ? ಪೂರ್ವದ ಏಳನೆಯ ಎಡ್ವರ್ಡ್ ದೊರೆಯ ನಾಡನ್ನು ಮುಟ್ಟಲು ಆತನು ಮಾಡಿದ ಪ್ರಯತ್ನವೂ ಹಿಮದ ಒತ್ತಡದಿಂದ ಕೈಗೂಡಲಿಲ್ಲ. ಕೊನೆಗೆ ಕೊಟ್ಟ ಮಾತನ್ನು ಮುರಿದು ಮ್ಯಾಕ್‌ಮರ್ಡೊಗೆ ತಿರುಗಿದನು. ಇದರಿಂದ ಹುಟ್ಟಿದ ಸ್ಕಾಟ್–ಶ್ಯಾಕಲ್ಟನ್ ವೈಮನಸ್ಯವನ್ನು ಚರಿತ್ರಕಾರರು ಬಹುವಾಗಿ ಚರ್ಚಿಸಿದ್ದಾರೆ. ಅವರಲ್ಲಿ ಅನೇಕರು ಇದನ್ನು ಇಬ್ಬರ ಶೀಲದ ಪ್ರಶ್ನೆಯಾಗಿಯೇ ನೋಡಿರುವರಾದರೂ, ಅದರ ಹಿಂದೆ ಒಂದು ನಕ್ಷೆಯ ಪ್ರಶ್ನೆಯೂ ಇದ್ದಿತೆಂಬುದನ್ನು ಮರೆಯಬಾರದು.

ಇನ್ನು ಆಮುಂಡ್ಸೆನ್ನನ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕಾಗಿದೆ. ಏಕೆಂದರೆ ದಕ್ಷಿಣಧ್ರುವವನ್ನು ಮೊದಲು ಮುಟ್ಟಿದ ಯಾತ್ರೆಯ ಮೂಲದಲ್ಲಿ ಇರುವುದು ಹಳೆಯ ವರದಿಗಳ ಒಂದು ಓದು. ರೋಆಲ್ಡ್ ಆಮುಂಡ್ಸೆನ್ನನು ರಾಸನಿಂದ ಶ್ಯಾಕಲ್ಟನ್ನನವರೆಗಿನ ಎಲ್ಲ ವಿವರಗಳನ್ನೂ ಊರಿನಲ್ಲಿ ಕುಳಿತು ಒಂದರೊಡನೊಂದು ಹೋಲಿಸಿದನು. ಶ್ಯಾಕಲ್ಟನ್ನನನ್ನು ಅಂಜಿಸಿದ ಸಾಕ್ಷ್ಯವೇ ಆತನ ಮುಂದೆಯೂ ಇದ್ದಿತು. ಆದರೆ ಆತನು ಅದನ್ನು ಬೇರೆ ರೀತಿಯಲ್ಲಿ ಓದಿದನು. ರಾಸನ ಕಾಲದಿಂದ ೧೯೦೮ರವರೆಗೆ, ಸುಮಾರು ಎಪ್ಪತ್ತು ವರ್ಷಗಳ ಕಾಲ, ಗೋಡೆಯ ಇದೇ ಭಾಗದಲ್ಲಿ ಯಾವುದಾದರೊಂದು ಒಳಸರಿತ ಕಾಣಿಸಿಕೊಂಡಿರುವುದು ಆಕಸ್ಮಿಕವಾಗಿರಲಾರದು. ಅಂಚಿನ ತುಂಡುಗಳು ಒಡೆದುಹೋಗುತ್ತವೆ, ನಿಜ. ಆದರೆ ಕೊಲ್ಲಿಯು ಅಲ್ಲಿಯೇ ಮತ್ತೆ ಮತ್ತೆ ಉಂಟಾಗಬೇಕಾದರೆ ಮಂಜುಗಡ್ಡೆಯ ತಳದಲ್ಲಿ ನೆಲವೊಂದು, ಚಿಕ್ಕ ದ್ವೀಪವೋ ದಿಣ್ಣೆಯೋ, ಅದನ್ನು ತಡೆದು ಹಿಡಿದಿರಬೇಕು. ಹಾಗಿದ್ದಲ್ಲಿ ಅಲ್ಲಿ ಮನೆ ಕಟ್ಟುವುದರಿಂದ ಅಪಾಯವಿಲ್ಲ. ಸ್ಕಾಟನ ನೆಲೆಗಿಂತ ಧ್ರುವಕ್ಕೆ ಸುಮಾರು ಒಂದು ಡಿಗ್ರಿಯಷ್ಟು ಹತ್ತಿರವಾಗುವ ಲಾಭ ಬೇರೆ.

ಈ ತರ್ಕದ ಬಲದ ಮೇಲೆ ಆತನು ‘ಫ್ರಾಮ್’ ಹಡಗಿನಲ್ಲಿ ೧೯೧೧ರ ಜನವರಿ ೧೪ರಂದು ಕೊಲ್ಲಿಯನ್ನು ಹೊಕ್ಕು, ‘ಫ್ರಾಮ್‌ಹೈಮ್’ ಎಂಬ ಮನೆಯನ್ನು ಹಿಮದ ಮೇಲೆ ನಿಲ್ಲಿಸಿ, ಒಟ್ಟು ಒಂಬತ್ತು ಜನರೊಡನೆ ಚಳಿಗಾಲವನ್ನು ಕಳೆದನು. ಅದೇ ಫೆಬ್ರವರಿಯಲ್ಲಿ ಸ್ಕಾಟನ ‘ಟೆರ್ರಾ ನೋವಾ’ ಹಡಗು ಕ್ಯಾಂಪ್‌ಬೆಲ್ಲನ ತಂಡವನ್ನು ಹೊತ್ತು ಅಲ್ಲಿಗೆ ಬಂದು, ನಾರ್ವೆಯವರನ್ನು ಕಂಡು ಬೆರಗಾಗಿ ಹಿಂದಿರುಗಿತು. ಅಕ್ಟೋಬರಿನಲ್ಲಿ ಐವರು ದಕ್ಷಿಣಕ್ಕೆ ಹೊರಟು ಡಿಸೆಂಬರ್ ೧೪ರಂದು ಧ್ರುವವನ್ನು ಮುಟ್ಟಿ, ೧೯೧೨ರ ಜನವರಿ ೨೫ರಂದು ಫ್ರಾಮ್‌ಹೈಮಿಗೆ ಮರಳಿದುದು ಸುಪ್ರಸಿದ್ಧ ಸಂಗತಿ. ಪಠ್ಯಪುಸ್ತಕಗಳಲ್ಲಿ ಕಾಣದಿರುವ ಸಂಗತಿಯೊಂದು ನಮ್ಮ ವಿಷಯಕ್ಕೆ ಇದಕ್ಕಿಂತ ಮುಖ್ಯವಾದುದು. ಧ್ರುವಕ್ಕೆ ಹೊರಡುವ ಮುನ್ನ ಆಮುಂಡ್ಸೆನ್ನನು ಪ್ರೆಸ್ಟ್ರೂಡನಿಗೆ ಕೊಟ್ಟ ಆದೇಶಗಳಲ್ಲಿ ಕೊಲ್ಲಿಯನ್ನೂ ಅದರ ಸುತ್ತಣ ಪ್ರದೇಶವನ್ನೂ ಮೋಜಣಿ ಮಾಡತಕ್ಕದ್ದೆಂಬುದೂ ಒಂದು. ಹಡಗಿನಿಂದ ನೋಡಿ ಬರೆದ ಅಂಚಿನ ಗೆರೆಗೆ ಬದಲಾಗಿ, ಹಿಮದ ಮೇಲೆಯೇ ಓಡಾಡಿ ಅಳೆದ ನಕ್ಷೆಯು ಹೀಗೆ ಸಿದ್ಧವಾಯಿತು.

ಆಮುಂಡ್ಸೆನ್ನನ ಊಹೆ ಸರಿಯೇ? ಅರ್ಧ ಸರಿಯೆನ್ನಬೇಕು. ಕೊಲ್ಲಿಯ ದಕ್ಷಿಣಕ್ಕೆ ನಿಜವಾಗಿಯೂ ಒಂದು ದ್ವೀಪವಿದೆ. ಆದರೆ ಅದು ಮನೆಯ ಕೆಳಗೆ ಇರಲಿಲ್ಲ. ಫ್ರಾಮ್‌ಹೈಮ್ ನಿಂತಿದ್ದುದು ತೇಲುವ ಮಂಜುಗಡ್ಡೆಯ ಮೇಲೆ. ಒಂದು ವರ್ಷದ ಅವಧಿಯಲ್ಲಿ ಅದು ಒಡೆಯದೆ ಉಳಿದುದು ಒಂಬತ್ತು ಜನರ ಅದೃಷ್ಟ. ಆ ಮಂಜುಗಡ್ಡೆಯು ಎಂದೋ ಸಮುದ್ರವನ್ನು ಸೇರಿದೆ. ಶ್ಯಾಕಲ್ಟನ್ನನ ಅಂಜಿಕೆ ಅಕಾರಣವಾಗಿರಲಿಲ್ಲ ಎಂಬುದನ್ನು ಗೆದ್ದವನನ್ನು ಹೊಗಳುವ ಭರದಲ್ಲಿ ಅನೇಕ ಲೇಖಕರು ಬಿಟ್ಟುಬಿಡುತ್ತಾರೆ.

ಇದೇ ಕಾಲದಲ್ಲಿ ಕೊಲ್ಲಿಗೆ ಬಂದ ಮತ್ತೊಂದು ಹಡಗು ಜಪಾನಿನ ‘ಕೈನಾನ್ ಮಾರು’. ನೋಬು ಶಿರಾಸೆಯ ನಾಯಕತ್ವದ ಈ ತಂಡವು ೧೯೧೨ರ ಜನವರಿಯ ಮಧ್ಯಭಾಗದಲ್ಲಿ ಇಲ್ಲಿ ಫ್ರಾಮ್ ಹಡಗನ್ನು ಸಂಧಿಸಿತು. ಶಿರಾಸೆಯು ದಕ್ಷಿಣಕ್ಕೆ ೮೦ ಡಿಗ್ರಿ ೫ ಮಿನಿಟಿನವರೆಗೆ ಹೋಗಿ, ಕಣ್ಣಿಗೆ ಕಂಡ ಹಿಮದ ಬಯಲಿಗೆ ‘ಯಮಾಟೊ ಯುಕಿಹಾರಾ’ ಎಂದು ಹೆಸರಿಟ್ಟು ಅದನ್ನು ತನ್ನ ದೇಶಕ್ಕೆ ಸೇರಿದುದೆಂದು ಸಾರಿದನು. ಗೋಡೆಯ ಮತ್ತೊಂದು ಒಳಚಾಚಿಗೆ ಹಡಗಿನ ಹೆಸರೂ, ಇನ್ನೊಂದಕ್ಕೆ ಜಪಾನಿನ ಪ್ರಧಾನಮಂತ್ರಿಯಾಗಿದ್ದ ಓಕುಮನ ಹೆಸರೂ ನಿಂತವು. ಎರಡನೆಯ ಮಹಾಯುದ್ಧದ ತರುವಾಯ ೧೯೫೧ರ ಸಾನ್‌ಫ್ರಾನ್ಸಿಸ್ಕೊ ಒಪ್ಪಂದದಲ್ಲಿ ಅಂಟಾರ್ಕ್ಟಿಕದ ಮೇಲಣ ಎಲ್ಲ ಹಕ್ಕುಗಳನ್ನೂ ಜಪಾನು ಬಿಟ್ಟುಕೊಟ್ಟಿತು. ಆದರೆ ಕೈನಾನ್, ಓಕುಮ ಎಂಬ ಹೆಸರುಗಳು ಭೂಪಟದಲ್ಲಿ ಉಳಿದವು.

ಹಕ್ಕಿನ ಪ್ರಶ್ನೆ ತಿಮಿಂಗಿಲಗಳ ಕೊಲ್ಲಿಗೂ ತಟ್ಟಿತು. ೧೯೨೩ರಲ್ಲಿ ಬ್ರಿಟಿಷ್ ಸರ್ಕಾರವು ರಾಸ್ ಸಮುದ್ರದ ಪ್ರಾಂತವನ್ನು ‘ರಾಸ್ ಅಧೀನ ಪ್ರದೇಶ’ವೆಂದು ಘೋಷಿಸಿ ನ್ಯೂಜಿಲೆಂಡಿನ ಆಡಳಿತಕ್ಕೆ ಒಪ್ಪಿಸಿತು. ಆರು ವರ್ಷಗಳಲ್ಲಿಯೇ, ೧೯೨೯ರ ಜನವರಿಯಲ್ಲಿ, ಅಮೆರಿಕದ ರಿಚರ್ಡ್ ಬರ್ಡ್ ಈ ಕೊಲ್ಲಿಯ ಅಂಚಿನಲ್ಲಿ ಶಿಬಿರವನ್ನು ಹೂಡಿ ಅದಕ್ಕೆ ‘ಲಿಟ್ಲ್ ಅಮೆರಿಕ’ ಎಂದು ಹೆಸರಿಟ್ಟನು. ಎರಡನೆಯ ಯಾತ್ರೆಯ ಕಾಲದಲ್ಲಿ, ೧೯೩೪ರಲ್ಲಿ, ಅಲ್ಲಿ ಅಮೆರಿಕದ ಅಂಚೆಕಚೇರಿಯನ್ನು ತೆರೆಯುವ ವಿಷಯ ಬಂದಾಗ ನ್ಯೂಜಿಲೆಂಡಿನ ಪರವಾಗಿ ಬ್ರಿಟನ್ನು ಆಕ್ಷೇಪವೆತ್ತಿತು. ತೇಲುವ ಮಂಜುಗಡ್ಡೆಯ ಮೇಲೆ ಅಂಚೆಯ ಮುದ್ರೆಯನ್ನು ಒತ್ತುವ ಹಕ್ಕು ಯಾರದೆಂಬ ವಿವಾದವು ಇಂದು ನಗೆಯನ್ನು ತರಬಹುದು. ಆದರೆ ಅಂದಿನ ಕಾನೂನುತಜ್ಞರಿಗೆ ಅದು ಗಹನವಾದ ವಿಷಯವಾಗಿತ್ತು, ಏಕೆಂದರೆ ಮಂಜುಗಡ್ಡೆಯನ್ನು ನೆಲವೆಂದು ಎಣಿಸಬೇಕೋ ಸಮುದ್ರವೆಂದು ಎಣಿಸಬೇಕೋ ಎಂಬುದೇ ಇತ್ಯರ್ಥವಾಗಿರಲಿಲ್ಲ. ೧೯೫೯ರಲ್ಲಿ ಸಹಿಯಾಗಿ ೧೯೬೧ರಲ್ಲಿ ಜಾರಿಗೆ ಬಂದ ಅಂಟಾರ್ಕ್ಟಿಕ ಒಪ್ಪಂದವು ಇಂತಹ ಹಕ್ಕುಗಳನ್ನು ಇದ್ದಂತೆಯೇ ತಡೆದು ನಿಲ್ಲಿಸಿದೆ, ಬಗೆಹರಿಸಿಲ್ಲ.

ಬರ್ಡನ ಯಾತ್ರೆಗಳಿಂದ ನಕ್ಷೆಯ ಕೆಲಸಕ್ಕೆ ಆದ ಲಾಭ ದೊಡ್ಡದು. ವಿಮಾನದಿಂದ ತೆಗೆದ ಛಾಯಾಚಿತ್ರಗಳಲ್ಲಿ ಕೊಲ್ಲಿಯ ಇಡೀ ಆಕಾರವು ಒಮ್ಮೆಗೇ ಕಾಣುವಂತಾಯಿತು. ೧೯೩೪ರಲ್ಲಿ ಕೊಲ್ಲಿಯ ದಕ್ಷಿಣದ ದ್ವೀಪವು ಪತ್ತೆಯಾಗಿ, ಅಮೆರಿಕದ ಅಧ್ಯಕ್ಷನ ಹೆಸರಿನಲ್ಲಿ ‘ರೂಸ್‌ವೆಲ್ಟ್ ದ್ವೀಪ’ವೆನಿಸಿಕೊಂಡಿತು. ದ್ವೀಪವೆಂದರೂ ಅಲ್ಲಿ ಬಂಡೆ ಕಣ್ಣಿಗೆ ಬೀಳುವುದಿಲ್ಲ. ಸುಮಾರು ೧೩೦ ಕಿಲೋಮೀಟರು ಉದ್ದವಾಗಿರುವ ಅದು ಪೂರ್ಣವಾಗಿ ಹಿಮದಲ್ಲಿ ಹೂತಿದ್ದು, ಸಮುದ್ರಮಟ್ಟದಿಂದ ಸುಮಾರು ೫೫೦ ಮೀಟರು ಎತ್ತರದ ಹಿಮದ ಉಬ್ಬಾಗಿ ಮಾತ್ರ ತೋರುತ್ತದೆ. ಇದರಿಂದ ಕೊಲ್ಲಿಯ ರಹಸ್ಯವು ಬಿಡಿಸಿಕೊಂಡಿತು. ದಕ್ಷಿಣದಿಂದ ಸರಿದು ಬರುವ ಮಂಜುಗಡ್ಡೆಯು ದ್ವೀಪಕ್ಕೆ ತಾಗಿ, ಹೊಳೆಯ ನೀರು ನಡುಬಂಡೆಗೆ ತಾಗಿ ಕವಲೊಡೆಯುವಂತೆ, ಎರಡಾಗಿ ಸೀಳುತ್ತದೆ. ದ್ವೀಪದ ಉತ್ತರಕ್ಕೆ, ಎರಡು ಕವಲುಗಳು ಇನ್ನೂ ಕೂಡದಿರುವ ಎಡೆಯಲ್ಲಿ, ಸಮುದ್ರವು ಒಳಕ್ಕೆ ನುಗ್ಗುತ್ತದೆ. ಅದೇ ಕೊಲ್ಲಿ. ಕವಲುಗಳು ಮುಂದುವರಿದಂತೆ ಕೊಲ್ಲಿಯ ಬಾಯಿ ಕಿರಿದಾಗುತ್ತ ಬರುತ್ತದೆ. ಕವಲಿನ ತುದಿ ಒಡೆದುಹೋದಾಗ ಥಟ್ಟನೆ ಅಗಲವಾಗುತ್ತದೆ. ೧೯೦೦ರ ಮತ್ತು ೧೯೦೨ರ ಕಿರಿದಾದ ಒಳಚಾಚುಗಳೂ ೧೯೦೮ರ ವಿಶಾಲವಾದ ಕೊಲ್ಲಿಯೂ ಒಂದೇ ಕ್ರಿಯೆಯ ಬೇರೆ ಬೇರೆ ಘಟ್ಟಗಳೆಂದು ಈಗ ಹೇಳಬಹುದಾಗಿದೆ.

ಮುಂದಿನ ಸಂಗತಿಗಳು ಈ ವಿವರಣೆಗೆ ತಕ್ಕಂತೆಯೇ ನಡೆದವು. ಲಿಟ್ಲ್ ಅಮೆರಿಕದ ಮೂರನೆಯ ಶಿಬಿರವು ೧೯೪೦ರಲ್ಲಿ, ನಾಲ್ಕನೆಯದು ೧೯೪೭ರಲ್ಲಿ ಏರ್ಪಟ್ಟಾಗ ಕೊಲ್ಲಿಯ ಬಾಯಿ ವರ್ಷದಿಂದ ವರ್ಷಕ್ಕೆ ಮುಚ್ಚಿಕೊಳ್ಳುತ್ತ ಬಂದಿತ್ತು. ೧೯೫೫ರ ಜನವರಿಯಲ್ಲಿ ಅಮೆರಿಕದ ‘ಅಟ್ಕ’ ಎಂಬ ಹಿಮಭಂಜಕ ಹಡಗು ಹೊಸ ಶಿಬಿರಕ್ಕೆ ಸ್ಥಳವನ್ನು ನೋಡಲು ಬಂದಾಗ, ಅಂಚು ಒಡೆದುಹೋಗಿ, ನಾಲ್ಕನೆಯ ಶಿಬಿರದ ಒಂದು ಭಾಗವೂ ಅದರೊಡನೆ ತೇಲಿಹೋಗಿದ್ದಿತು. ಬಂದರಾಗಿ ಕೊಲ್ಲಿಯು ಉಪಯೋಗಕ್ಕೆ ಬಾರದಾಯಿತು. ಐದನೆಯ ಲಿಟ್ಲ್ ಅಮೆರಿಕವನ್ನು ೧೯೫೬ರಲ್ಲಿ ಶಿರಾಸೆಯ ಕೈನಾನ್ ಕೊಲ್ಲಿಯ ಬಳಿ ಕಟ್ಟಬೇಕಾಯಿತು. ಮೂರನೆಯ ಶಿಬಿರದ ತಂತಿಕಂಬಗಳು ೧೯೬೦ರ ದಶಕದ ಆರಂಭದಲ್ಲಿ, ನೂರಾರು ಮೈಲಿ ದೂರದಲ್ಲಿ ತೇಲುತ್ತಿದ್ದ ಹಿಮದ ಗುಡ್ಡವೊಂದರ ಮೇಲೆ ನಾವಿಕರ ಕಣ್ಣಿಗೆ ಬಿದ್ದವು.

ಇಂತಹ ಅನುಭವಗಳ ಹಿನ್ನೆಲೆಯಲ್ಲಿ ಅಮೆರಿಕದ ಅಂಟಾರ್ಕ್ಟಿಕ ನಾಮಸಮಿತಿಯು ೧೯೫೬ರಲ್ಲಿ ಒಂದು ಹೊಸ ಪಾರಿಭಾಷಿಕ ಪದವನ್ನು ಬಳಕೆಗೆ ತಂದಿತು. ಮಂಜುಗಡ್ಡೆಯ ಹಾಸಿನ ಅಂಚಿನಲ್ಲಿ ಹಡಗು ನಿಲ್ಲಲು ಅನುಕೂಲವಾಗಿದ್ದು, ಕಾಲಕಾಲಕ್ಕೆ ಆಕಾರವನ್ನು ಬದಲಿಸುವ ಒಳಚಾಚನ್ನು ‘ಕೊಲ್ಲಿ’ ಎನ್ನದೆ ‘ಹಿಮಬಂದರು’ ಎನ್ನಬೇಕೆಂಬುದು ಅದರ ಅಭಿಪ್ರಾಯ. ನೆಲದ ತೀರಕ್ಕೆ ಸಲ್ಲುವ ಪದವನ್ನು ಇಲ್ಲಿ ಬಳಸಿದ್ದರಿಂದ ಉಂಟಾದ ಗೊಂದಲವನ್ನು ಭೂಗೋಳಜ್ಞರು ಒಪ್ಪಿಕೊಂಡರೆಂದು ಇದರ ಅರ್ಥ. ಅಟ್ಕ ಹಡಗಿನ ಹೆಸರೇ ಖಂಡದ ಮತ್ತೊಂದು ಬದಿಯ ಹಿಮಬಂದರಿಗೆ ಸಂದಿತು. ಆದರೆ ತಿಮಿಂಗಿಲಗಳ ಕೊಲ್ಲಿಯು, ರೂಢಿಯ ಬಲದಿಂದ, ಕೊಲ್ಲಿಯಾಗಿಯೇ ಉಳಿಯಿತು.

೧೯೮೭ರ ಅಕ್ಟೋಬರಿನಲ್ಲಿ ಸುಮಾರು ೧೫೪ ಕಿಲೋಮೀಟರು ಉದ್ದವೂ ೩೫ ಕಿಲೋಮೀಟರು ಅಗಲವೂ ಆದ ಮಂಜುಗಡ್ಡೆಯು ಇಲ್ಲಿಂದ ಒಡೆದು ಹೊರಟಿತು. ಅದರೊಡನೆ ಕೊಲ್ಲಿಯ ಇಕ್ಕೆಲದ ದಡವೇ ಹೋಯಿತಾದುದರಿಂದ ಕೊಲ್ಲಿಯೂ ಇಲ್ಲವಾಯಿತು. ಆ ಹಿಮದ ಗುಡ್ಡಕ್ಕೆ ಉಪಗ್ರಹಚಿತ್ರಗಳನ್ನು ಪರಿಶೀಲಿಸುವ ಅಮೆರಿಕದ ಕೇಂದ್ರವು ಕೊಟ್ಟ ಹೆಸರು ‘ಬಿ–೯’. ಪಶ್ಚಿಮ ರೇಖಾಂಶ ೯೦ರಿಂದ ೧೮೦ರವರೆಗಿನ ಪಾದದಲ್ಲಿ ಹುಟ್ಟಿದ ಗುಡ್ಡಗಳಿಗೆ ‘ಬಿ’ ಅಕ್ಷರ. ಆ ಸರಣಿಯಲ್ಲಿ ಇದು ಒಂಬತ್ತನೆಯದು. ಶ್ಯಾಕಲ್ಟನ್ನನ ಹೆಸರಿನ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದರೆ ಎಂಬತ್ತು ವರ್ಷಗಳಲ್ಲಿ ನಾಮಕರಣದ ರೀತಿಯು ಎಷ್ಟು ಬದಲಾಯಿತೆಂಬುದು ತಿಳಿಯುತ್ತದೆ. ಗುಡ್ಡವು ಮುಂದೆ ತುಂಡುಗಳಾಗಿ, ಅವುಗಳಲ್ಲಿ ಒಂದು ೨೦೧೦ರಲ್ಲಿ ಪೂರ್ವ ಅಂಟಾರ್ಕ್ಟಿಕದ ಮೆರ್ಟ್ಸ್ ಹಿಮನದಿಯ ನಾಲಗೆಗೆ ಬಡಿಯಿತು. ಆ ನಾಲಗೆಯು ಮುರಿದು, ಅಲ್ಲಿನ ಭೂಪಟವನ್ನೂ ತಿದ್ದಬೇಕಾಯಿತು.

ಸ್ಥಳನಾಮಕೋಶಗಳಲ್ಲಿ ತಿಮಿಂಗಿಲಗಳ ಕೊಲ್ಲಿಯ ನಮೂದು ಅಕ್ಷಾಂಶ ರೇಖಾಂಶಗಳೊಡನೆ ಇನ್ನೂ ಇದೆ. ಅದನ್ನು ತೆಗೆದುಹಾಕಬೇಕೆಂದು ವಾದಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ದ್ವೀಪವು ಅಲ್ಲಿಯೇ ಇರುವವರೆಗೆ ಮಂಜುಗಡ್ಡೆಯು ಕವಲೊಡೆಯುವುದು ತಪ್ಪದು. ಕವಲುಗಳ ನಡುವೆ ಮತ್ತೊಂದು ಕೊಲ್ಲಿ ತೆರೆದುಕೊಳ್ಳುವ ಸಂಭವವಿದೆ. ಆದರೆ ತರಗತಿಯಲ್ಲಿ ಆಮುಂಡ್ಸೆನ್ನನ ದಾರಿಯನ್ನು ತೋರಿಸುವ ಅಧ್ಯಾಪಕರು ಇಂದಿನ ಭೂಪಟದ ಮೇಲೆ ಫ್ರಾಮ್‌ಹೈಮಿಗೆ ಒಂದು ಚುಕ್ಕೆಯನ್ನು ಇಡುವಾಗ, ಆ ಚುಕ್ಕೆ ೧೯೧೧ರದು, ಅದರ ಸುತ್ತಣ ತೀರದ ಗೆರೆ ಬೇರೊಂದು ವರ್ಷದ್ದು ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳಬೇಕು. ಪ್ರೆಸ್ಟ್ರೂಡನ ನಕ್ಷೆಯ ಮೇಲೆ ಅದು ಸರಿಯಾಗಿ ಕೂಡುತ್ತದೆ. ೧೯೩೪ರ ಅಥವಾ ೧೯೮೭ರ ನಂತರದ ನಕ್ಷೆಯ ಮೇಲೆ ಕೂಡುವುದಿಲ್ಲ.

ನಮ್ಮ ದೇಶದ ‘ದಕ್ಷಿಣ ಗಂಗೋತ್ರಿ’ಯ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ೧೯೮೩–೮೪ರಲ್ಲಿ ಮಂಜುಗಡ್ಡೆಯ ಹಾಸಿನ ಮೇಲೆ ಕಟ್ಟಿದ ಆ ಠಾಣೆಯು ಕೆಲವೇ ವರ್ಷಗಳಲ್ಲಿ ಹಿಮದಲ್ಲಿ ಹೂತುಹೋಗಿ, ೧೯೯೦ರಲ್ಲಿ ಅದನ್ನು ಬಿಟ್ಟುಬಿಡಬೇಕಾಯಿತು. ೧೯೮೯ರ ‘ಮೈತ್ರಿ’ಯನ್ನೂ, ೨೦೧೨ರಲ್ಲಿ ಪ್ರಿಡ್ಸ್ ಕೊಲ್ಲಿಯ ದಡದ ಲಾರ್ಸ್‌ಮನ್ ಗುಡ್ಡಗಳಲ್ಲಿ ಆರಂಭವಾದ ‘ಭಾರತಿ’ಯನ್ನೂ ಬಂಡೆಯ ಮೇಲೆ ಕಟ್ಟಲಾಗಿದೆ. ಮೈತ್ರಿಯ ನೆರೆಯಲ್ಲಿರುವ ಒಂದು ಹಿಮನದಿಯೂ ದಕ್ಷಿಣ ಗಂಗೋತ್ರಿಯೆಂಬ ಹೆಸರನ್ನೇ ಹೊತ್ತಿರುವುದರಿಂದ, ವರದಿಗಳನ್ನು ಓದುವವರು ಯಾವ ದಕ್ಷಿಣ ಗಂಗೋತ್ರಿ, ಯಾವ ವರ್ಷದ್ದು ಎಂಬುದನ್ನು ಮೊದಲು ನೋಡಿಕೊಳ್ಳತಕ್ಕದ್ದು.